ಸೊನ್ನೆಯೂ ಒಂದು ಲೆಕ್ಕ ಮಾರಾಯ್ರೆ!

ತುಂಬ ದಿನ ಆಯ್ತು ಇತ್ತ ತಲೆ ಹಾಕದೆ. ಆಫೀಸಿನ ರಿಲೀಸು, ಊರಿನ ಮಳೆ, ಕೈಕೊಡುವ ಇಂಟರ್ನೆಟ್ಟು... ನೆಪಗಳಿಗೇನು ಬರ ಇಲ್ಲ. ಇವತ್ತು ಬರೆಯುತ್ತಿರುವುದು ಮಾತ್ರ ಸಿಟ್ಟು ಬಂದು. ಓದಿ ಬೈಯುವವರು ಕೆಳಗೆ ಧಾರಾಳವಾಗಿ ಬೈಯಬಹುದು.

ನನ್ನ ಗೆಳೆಯನೊಬ್ಬ ಇದ್ದಾನೆ. ಹೆಸರು ಬೇಡ, ಇದನ್ನು ಓದ್ತಾನೆ. 2023ರ ನವೆಂಬರಿನಲ್ಲಿ ಹತ್ತು ದಿನ ರಜೆ ಹಾಕಿ, ನನ್ನ ಮೊದಲ ಬೈಕಿಗಿಂತ ದುಬಾರಿಯಾದ ಲೆನ್ಸನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ನಾಗಾಲ್ಯಾಂಡಿಗೆ ಹೋಗಿ ಬಂದ. ಡೊಯಾಂಗ್ ಜಲಾಶಯದ ಹತ್ತಿರ ಪಂಗ್ತಿ ಎಂಬ ಊರುಂಟು. ಸೈಬೀರಿಯಾ, ಉತ್ತರ ಚೀನಾ ಕಡೆಯಿಂದ ಆಫ್ರಿಕಾಕ್ಕೆ ಹೊರಟ ಅಮುರ್ ಫಾಲ್ಕನ್ ಎಂಬ ಪುಟ್ಟ ಚಾಣಗಳು, ಪಾರಿವಾಳದಷ್ಟೂ ದೊಡ್ಡದಲ್ಲ, ಅಲ್ಲಿ ಇಳಿದು ಹುಳ ತಿಂದು ಮೈ ತುಂಬಿಕೊಂಡು ಮುಂದೆ ಹೋಗುತ್ತವೆ. ಇವನು ನಾಲ್ಕು ಸಾವಿರ ಫೋಟೋ ತಂದ. ಚೆನ್ನಾಗಿವೆ, ಇಲ್ಲ ಅನ್ನಲಿಕ್ಕಿಲ್ಲ. ಎಲ್ಲ ನೋಡಿ ಮುಗಿದ ಮೇಲೆ ಕೇಳಿದೆ:

"ಎಷ್ಟಿದ್ದವು ಮಾರಾಯಾ?"

"ಲೆಕ್ಕ ಇಲ್ಲ!"

ನಮ್ಮ ಭಾಷೆಯಲ್ಲಿ ಈ ಮಾತಿಗೆ ಎರಡು ಅರ್ಥ. ಬಹಳ ಇದ್ದವು ಅನ್ನುವುದು ಒಂದು, ಯಾರೂ ಲೆಕ್ಕ ಇಟ್ಟಿಲ್ಲ ಅನ್ನುವುದು ಇನ್ನೊಂದು. ಅವನು ಹೇಳಿದ್ದು ಮೊದಲನೆಯದು. ನನಗೆ ಕೇಳಿಸಿದ್ದು ಎರಡನೆಯದು.

ಡೊಯಾಂಗ್‌ನಿಂದ ಹೊರಟ ಆ ಹಕ್ಕಿಗಳು ಎತ್ತ ಹೋಗುತ್ತವೆ ಅಂತ 2013ರಿಂದ ಗೊತ್ತು. ಆ ವರ್ಷ ಭಾರತೀಯ ವನ್ಯಜೀವಿ ಸಂಸ್ಥೆಯವರೂ ಅವರ ಜೊತೆಗಿದ್ದ ವಿದೇಶಿ ತಜ್ಞರೂ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹಕ್ಕೆ ಸುದ್ದಿ ಕಳಿಸುವ ಪುಟ್ಟ ಯಂತ್ರ ಕಟ್ಟಿ ಬಿಟ್ಟರು. ಅವುಗಳಿಗೆ ನಾಗಾ, ವೋಖಾ, ಪಂಗ್ತಿ ಅಂತ ಹೆಸರು. ಪರ್ಯಾಯ ದ್ವೀಪವನ್ನು ಅಡ್ಡ ದಾಟಿ, ಅರಬ್ಬೀ ಸಮುದ್ರದ ಮೇಲೆ ಎಲ್ಲೂ ಇಳಿಯದೆ ಹಾರಿ ಸೊಮಾಲಿಯಾ ತಲುಪುವ ದಾರಿ ಅದು. ಐದಾರು ದಿನದ ನಿರಂತರ ಹಾರಾಟ. ಅಂದ್ರೆ ನನ್ನ ಗೆಳೆಯ ವಿಮಾನ ಹಿಡಿದು ಹುಡುಕಿಕೊಂಡು ಹೋದ ಹಕ್ಕಿಗಳಲ್ಲಿ ಕೆಲವಾದರೂ ಎರಡು ಮೂರು ದಿನದಲ್ಲಿ ನಮ್ಮ ಕರಾವಳಿಯ ಆಕಾಶ ದಾಟಿರಬಹುದು. ಪರ್ಕಳದ ಅವನ ಮನೆಯ ತಾರಸಿಯ ಮೇಲಿಂದಲೇ ದಾಟಿರಬಹುದು.

"ದಾಟಿರಬಹುದು." ನನ್ನ ಸಿಟ್ಟೆಲ್ಲ ಈ ಒಂದು ಶಬ್ದದ ಮೇಲೆ.

ಕೋಡು ಬರೆಯುವವರಿಗೆ ಒಂದು ವಿಷಯ ಮೊದಲ ವರ್ಷವೇ ಪೆಟ್ಟು ತಿಂದು ಅರ್ಥವಾಗಿರುತ್ತದೆ. ಡೇಟಾಬೇಸಿನಲ್ಲಿ ಸೊನ್ನೆ ಬೇರೆ, ನಲ್ ಬೇರೆ. ಸೊನ್ನೆ ಅಂದರೆ ನೋಡಿದೆ, ಏನೂ ಇರಲಿಲ್ಲ. ನಲ್ ಅಂದರೆ ಯಾರೂ ನೋಡಿಲ್ಲ. ಇವೆರಡನ್ನು ಕಲಸಿದ ಪ್ರೋಗ್ರಾಮು ಮೇಲ್ನೋಟಕ್ಕೆ ಸರಿಯಾಗಿಯೇ ಓಡುತ್ತದೆ, ಉತ್ತರ ಮಾತ್ರ ತಪ್ಪು. ಮಳೆಗಾಲ ಮುಗಿದ ಮೇಲೆ ನಮ್ಮ ಕರಾವಳಿ ಮೇಲೆ ದಾಟುವ ಬೇಟೆಹಕ್ಕಿಗಳ ಲೆಕ್ಕದ ಖಾನೆಯಲ್ಲಿ ಇರುವುದು ನಲ್. ಒಂದೇ ಜಾಗದಲ್ಲಿ, ವರ್ಷವರ್ಷವೂ, ಗಂಟೆ ಲೆಕ್ಕದಲ್ಲಿ ಕೂತು ಎಣಿಸಿದ ಪುಸ್ತಕವನ್ನು ನನಗೆ ಇದುವರೆಗೆ ಯಾರೂ ತೋರಿಸಿಲ್ಲ. ಓದುವವರೆಲ್ಲ ಅದನ್ನು ಸೊನ್ನೆ ಅಂತ ಓದುತ್ತಾರೆ. "ಇಲ್ಲಿ ಅಂಥದ್ದೆಲ್ಲ ಏನೂ ಇಲ್ಲ" ಅಂತ.

ನಮ್ಮಜ್ಜ ಏಳನೇ ಕ್ಲಾಸು. ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದರು. ಬೆಳಿಗ್ಗೆ ಎಂಟೂವರೆಗೆ ಕಾಫಿ ಲೋಟ ಕೆಳಗಿಟ್ಟು, ಕೊಡೆ ಹಿಡಿದು ಹೋಗಿ ಅಳೆದು, ಹಳೇ ಪಂಚಾಂಗದ ಅಂಚಿನಲ್ಲಿ ಮಿಲಿಮೀಟರ್ ಬರೆಯುವುದು. ಕರಾವಳಿಯ ಅಡಿಕೆ ತೋಟದ ಮನೆಗಳಲ್ಲಿ ಹುಡುಕಿದರೆ ಇಂಥ ಪುಸ್ತಕಗಳು ಇವತ್ತಿಗೂ ಸಿಗುತ್ತವೆ. ಸಣ್ಣವನಿರುವಾಗ ನನಗೆ ವಿಚಿತ್ರ ಅನಿಸುತ್ತಿದ್ದದ್ದು ಫೆಬ್ರವರಿ, ಮಾರ್ಚ್ ತಿಂಗಳ ಹಾಳೆಗಳು. ಸೊನ್ನೆ, ಸೊನ್ನೆ, ಸೊನ್ನೆ... ಹನಿ ಬೀಳದ ದಿನವೂ ಹೋಗಿ ನೋಡಿ ಬಂದು ಸೊನ್ನೆ ಬರೆದಿದ್ದರು. "ಮಳೆ ಬರಲಿಲ್ಲ ಅಂತ ಗೊತ್ತಲ್ಲ ಅಜ್ಜ, ಮತ್ತೆ ಯಾಕೆ ಬರೆಯುದು?" ಅಂತ ಕೇಳಿದ್ದೆ. "ಬರೆಯದಿದ್ರೆ ನಾಳೆ ಓದುವವನಿಗೆ ಮಳೆ ಬರಲಿಲ್ವೋ, ಮುದುಕ ಏಳಲಿಲ್ವೋ ಅಂತ ಹ್ಯಾಗೆ ಗೊತ್ತಾಗ್ಬೇಕು?" ಅಂದಿದ್ದರು. ಆಮೇಲೆ ಇಂಜಿನಿಯರಿಂಗಿನಲ್ಲಿ ನಲ್ ಅಂದರೇನು ಅಂತ ಒಂದು ಗಂಟೆ ಪಾಠ ಆಯ್ತು. ಅಜ್ಜನ ವಿವರಣೆ ಅದಕ್ಕಿಂತ ಚೆನ್ನಾಗಿತ್ತು. :-)

ಈಗ ನಮ್ಮನ್ನೇ ನೋಡಿಕೊಳ್ಳಿ. ಹಕ್ಕಿ ನೋಡುವವರು ನಾವು ಬರೆಯುವುದು ಯಾವಾಗ? ಏನಾದರೂ ಕಂಡ ದಿನ. ಅದೂ ಅಪರೂಪದ್ದು ಕಂಡ ದಿನ, ಬೆಳಕು ಚೆನ್ನಾಗಿದ್ದ ದಿನ, ರೆಕ್ಕೆ ಬಿಚ್ಚಿ ಪೋಸು ಕೊಟ್ಟ ದಿನ. ಉಳಿದ ಮುನ್ನೂರು ಚಿಲ್ಲರೆ ದಿನ? ನಾನೇನು ಸಾಚಾ ಅಲ್ಲ. ಸ್ವರ್ಣಾ ನದಿಯ ಮೇಲೆ ಮೀನು ಹಿಡಿದ ಆಸ್ಪ್ರೇ ಫೋಟೋ ಹಾಕಿ "ನಮ್ಮೂರಿಗೆ ಬಂದ ಅಪರೂಪದ ಅತಿಥಿ" ಅಂತ ಶೀರ್ಷಿಕೆ ಕೊಟ್ಟು ಹಿಂದೊಮ್ಮೆ ಬರೆದಿದ್ದೆ. ನಲವತ್ತು ಜನ ಭೇಷ್ ಅಂದರು. ಅದು ಅಪರೂಪವೋ, ದಿನಾ ಬರುವುದೋ, ನಾನು ಹೊಳೆ ಬದಿಗೆ ಹೋಗುವುದೇ ಅಪರೂಪವೋ? ಒಬ್ಬರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಎಣಿಸಿದರೆ ಏನು ಸಿಗುತ್ತದೆ ಅನ್ನುವವರಿಗೆ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಗುಡ್ಡದ ಕತೆ ಹೇಳಬೇಕು. ಹಾಕ್ ಮೌಂಟನ್ ಅಂತ ಹೆಸರು. 1930ರ ಆಸುಪಾಸಿನಲ್ಲಿ ಅಲ್ಲಿ ಶರತ್ಕಾಲ ಬಂತೆಂದರೆ ಜನ ಬಂದೂಕು ಹಿಡಿದು ಗುಡ್ಡ ಹತ್ತುತ್ತಿದ್ದರು. ದಕ್ಷಿಣಕ್ಕೆ ಹೋಗುವ ಗಿಡುಗಗಳನ್ನು ಹೊಡೆದು ಬೀಳಿಸುವುದು ರವಿವಾರದ ಮೋಜು. ಗಾಶಾಕ್ ಎಂಬ ಗಿಡುಗ ಹೊಡೆದರೆ ಸರ್ಕಾರವೇ ಐದು ಡಾಲರ್ ಬಹುಮಾನ ಕೊಡುತ್ತಿತ್ತು. 1932ರಲ್ಲಿ ರಿಚರ್ಡ್ ಪೌ ಎಂಬಾತ ಸತ್ತ ಹಕ್ಕಿಗಳನ್ನು ಸಾಲಾಗಿ ಮಲಗಿಸಿ ಫೋಟೋ ತೆಗೆದ. (ಹೌದು, ಶುರುವಾದದ್ದು ಫೋಟೋದಿಂದಲೇ. ಲೆನ್ಸಿನವರು ಸ್ವಲ್ಪ ಖುಷಿಪಡಿ.) ಆ ಚಿತ್ರಗಳಿಂದ ಕೆರಳಿದ ರೋಸಾಲಿ ಎಡ್ಜ್ ಎಂಬ ಹೆಂಗಸು 1934ರಲ್ಲಿ ಆ ಗುಡ್ಡವನ್ನೇ ಗುತ್ತಿಗೆಗೆ ಹಿಡಿದು ಮಾರಿಸ್ ಬ್ರೌನ್ ಎಂಬಾತನನ್ನು ಕಾವಲಿಗೆ ಹಾಕಿದಳು. ಅವನ ಕೆಲಸ ಬಂದೂಕಿನವರನ್ನು ಓಡಿಸುವುದು. ಅದರ ಜೊತೆಗೆ ಅವನು ಕೂತು ಎಣಿಸಿದ. ದಿನಾ. ಎಷ್ಟು ಹೋದವು, ಯಾವ ಜಾತಿ, ಮರಿಯೋ ಬೆಳೆದದ್ದೋ.

ಯಾರಿಗೆ ಬೇಕಿತ್ತು ಆ ಲೆಕ್ಕ? ಇಪ್ಪತ್ತು ವರ್ಷ ಯಾರಿಗೂ ಬೇಡವಾಗಿತ್ತು. ಆಮೇಲೆ ರೇಚೆಲ್ ಕಾರ್ಸನ್ 1962ರಲ್ಲಿ ಡಿಡಿಟಿ ಬಗ್ಗೆ ತನ್ನ ಪುಸ್ತಕ ಪ್ರಕಟಿಸಿದಾಗ ಬ್ರೌನನ ಈ ಅಂಕಿಗಳು ಅದರಲ್ಲಿದ್ದವು. 1935ರಿಂದ 39ರವರೆಗೆ ಅಲ್ಲಿ ದಾಟಿದ ಬೋಳುತಲೆ ಹದ್ದುಗಳಲ್ಲಿ ನೂರಕ್ಕೆ 40 ಮರಿಗಳು. 1955ರಿಂದ 59ರ ಹೊತ್ತಿಗೆ ನೂರಕ್ಕೆ 20. 1957ರಲ್ಲಂತೂ 32 ದೊಡ್ಡ ಹದ್ದುಗಳಿಗೆ ಒಂದು ಮರಿ. ಆಕಾಶದಲ್ಲಿ ಹದ್ದು ಇನ್ನೂ ಕಾಣುತ್ತಿತ್ತು, ಫೋಟೋ ತೆಗೆಯುವವನಿಗೆ ಏನೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಗೂಡಿನಲ್ಲಿ ಮರಿ ಆಗುತ್ತಿಲ್ಲ ಅಂತ ಗೊತ್ತಾದದ್ದು ಎಣಿಸಿದವನ ಪುಸ್ತಕದಿಂದ. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. ಕೀಟನಾಶಕದ ಕಂಪನಿಗಳ ಎದುರು "ಮೊದಲು ಜಾಸ್ತಿ ಇದ್ದವು, ಈಗ ಕಡಿಮೆ ಅನಿಸ್ತದೆ" ಅಂತ ಹೇಳಿ ನೋಡಿ, ಏನಾಗುತ್ತದೆ ಅಂತ.

ಅಷ್ಟು ದೂರ ಯಾಕೆ, ನಮ್ಮ ದೇಶದ ರಣಹದ್ದನ್ನೇ ತೆಗೆದುಕೊಳ್ಳಿ. ಭರತಪುರದಲ್ಲಿ ವಿಭು ಪ್ರಕಾಶ್ ಎಂಬ ಸಂಶೋಧಕರು ಎಂಬತ್ತರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದಿನ ಗೂಡುಗಳನ್ನು ಎಣಿಸಿದ್ದರು. 1987-88ರಲ್ಲಿ 353 ಜೋಡಿ. ಆ ಕಾಲಕ್ಕೆ ಅದು ಎಂಥ ಹುಚ್ಚು ಕೆಲಸ ಅಂತ ಯೋಚಿಸಿ. ರಣಹದ್ದು ಆಗ ಕಾಗೆಯಷ್ಟು ಸಾಮಾನ್ಯ. ಕಾಗೆಯನ್ನು ಯಾರಾದರೂ ಎಣಿಸುತ್ತಾರಾ? ಹತ್ತು ವರ್ಷ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಎಣಿಸಿದಾಗ ಅರ್ಧಕ್ಕರ್ಧವೂ ಉಳಿದಿರಲಿಲ್ಲ, ಮರದ ಕೊಂಬೆಗಳಲ್ಲಿ ಕತ್ತು ಜೋತುಬಿದ್ದ ಹಕ್ಕಿಗಳು. ದನಗಳಿಗೆ ಕೊಡುವ ಡೈಕ್ಲೋಫಿನ್ಯಾಕ್ ಎಂಬ ನೋವಿನ ಔಷಧಿಯೇ ಕಾರಣ ಅಂತ 2004ರಲ್ಲಿ ಪತ್ತೆಯಾಯಿತು, ಪಶುವೈದ್ಯಕೀಯದಲ್ಲಿ ಅದಕ್ಕೆ 2006ರಲ್ಲಿ ನಿಷೇಧ ಬಂತು. ಮೊದಲಿನ ಆ 353 ಇಲ್ಲದಿದ್ದರೆ? "ಬೇರೆ ಕಡೆ ಹೋಗಿರಬೇಕು" ಅಂತ ಹೇಳಿ ಇನ್ನೊಂದು ಹತ್ತು ವರ್ಷ ಕಳೆಯುತ್ತಿದ್ದೆವು. ನಮ್ಮ ಅಜ್ಜಿ ಹೇಳುವ ಪ್ರಕಾರ ಅವರು ಮದುವೆಯಾಗಿ ಬಂದ ಕಾಲದಲ್ಲಿ ಸತ್ತ ಎಮ್ಮೆಯನ್ನು ಗುಡ್ಡೆಗೆ ಎಳೆದು ಹಾಕಿದರೆ ಮಧ್ಯಾಹ್ನಕ್ಕೆ ರಣಹದ್ದು ಇಳಿಯುತ್ತಿದ್ದವಂತೆ. ಎಷ್ಟು ಅಜ್ಜಿ? "ಸುಮಾರು." ಮುಗೀತು ನಮ್ಮೂರಿನ ದಾಖಲೆ.

ಪಂಗ್ತಿಯ ಕತೆಯೂ ಅಷ್ಟೆ. ಗೆಳೆಯ ಆರಾಮಾಗಿ ಕೂತು ಫೋಟೋ ತೆಗೆದ ಅದೇ ಜಾಗದಲ್ಲಿ 2012ರಲ್ಲಿ ಆ ಹಕ್ಕಿಗಳನ್ನು ಮೀನಿನ ಬಲೆ ಕಟ್ಟಿ ಹಿಡಿದು, ಪುಕ್ಕ ಕಿತ್ತು ಮಾರುತ್ತಿದ್ದರು. ಹೋಗಿ ನೋಡಿದ ನಾಲ್ಕೈದು ಜನ "ತುಂಬ ಕೊಲ್ಲುತ್ತಿದ್ದಾರೆ" ಅಂತ ಅತ್ತು ವಾಪಸು ಬರಲಿಲ್ಲ. ಬೇಟೆಯ ಗುಂಪು ಎಷ್ಟು, ಒಂದು ಗುಂಪಿಗೆ ದಿನಕ್ಕೆ ಎಷ್ಟು ಬೀಳುತ್ತವೆ ಅಂತ ವಿಚಾರಿಸಿ ದಿನಕ್ಕೆ 12ರಿಂದ 14 ಸಾವಿರ, ಆ ಋತುವಿಗೆ 1,20,000ದಿಂದ 1,40,000 ಅಂತ ಅಂದಾಜು ಕಟ್ಟಿ ಹೊರಜಗತ್ತಿಗೆ ಹೇಳಿದರು. ಅಂದಾಜೇ, ಆದರೆ ಹೇಗೆ ಕಟ್ಟಿದ್ದು ಅಂತ ತೋರಿಸಿದ ಅಂದಾಜು. ಮುಂದಿನ ವರ್ಷ ಊರವರೇ ಕಾವಲು ನಿಂತರು, ಬಲೆ ಇಳಿಯಿತು. ಊರವರ ದೊಡ್ಡತನ ಅದು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿಲ್ಲಿಯನ್ನು ಎಬ್ಬಿಸಿದ್ದು ಫೋಟೋದ ಜೊತೆಗಿದ್ದ ಆ ಅಂಕಿ.

ಇನ್ನು ನಮ್ಮೂರಿಗೆ ಬರೋಣ.

ಪರ್ಕಳ, ಮಣಿಪಾಲ, ಹಿರಿಯಡ್ಕ ಸುತ್ತಮುತ್ತ ಮುರಕಲ್ಲಿನ ಬೋಳು ಗುಡ್ಡೆಗಳಿವೆ. ಪದವು ಅನ್ನುತ್ತೇವೆ. ಮಳೆಗಾಲದಲ್ಲಿ ಹಸಿರು, ದೀಪಾವಳಿ ಹೊತ್ತಿಗೆ ಹೊಂಬಣ್ಣದ ಹುಲ್ಲು, ಮಿಡತೆಯೋ ಮಿಡತೆ. ಸೆಳೆವ ಅಂತ ಕರೆಯುವ ಹಕ್ಕಿಗಳು, ಇಂಗ್ಲಿಷಿನವರ ಹ್ಯಾರಿಯರ್, ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವುದು ಇಂಥ ಹುಲ್ಲಿಗೆ. ರಾತ್ರಿ ನೆಲದ ಮೇಲೆ ಹುಲ್ಲಿನೊಳಗೇ ಮಲಗುತ್ತವೆ, ಮರ ಬೇಡ. ಕಂದಾಯದ ಕಣ್ಣಿಗೆ ಮಾತ್ರ ಪದವು ಅಂದರೆ ಉಪಯೋಗಕ್ಕೆ ಬಾರದ ಬರಡು ಜಾಗ. ಹಾಗಾಗಿ ಕಲ್ಲುಕೋರೆ, ಅಲ್ಲದಿದ್ದರೆ ಲೇಔಟು. ಬೆಂಗಳೂರಿನ ಹತ್ತಿರ ಹೆಸರಘಟ್ಟದ ಹುಲ್ಲುಗಾವಲು ಉಳಿಸಿ ಅಂತ ಕೇಳಲಿಕ್ಕೆ ಜನ ಹೋದಾಗ, ಅಲ್ಲಿ ರಾತ್ರಿ ತಂಗುವ ಸೆಳೆವಗಳನ್ನು ಸಂಜೆ ಹೊತ್ತು ಕೂತು ಎಣಿಸಿದವರ ಕೆಲಸ ಅವರ ಬೆನ್ನಿಗಿತ್ತು. ಆಂಧ್ರದ ರೊಳ್ಳಪಾಡಿನಲ್ಲಿ ಎಂಬತ್ತರ ದಶಕದಿಂದ ಎಣಿಸಿದ್ದಕ್ಕೇ ಅಲ್ಲಿ ಸೆಳೆವ ಎಷ್ಟು ಕುಸಿದಿವೆ ಅಂತ ಇವತ್ತು ಹೇಳಲಿಕ್ಕೆ ಆಗುತ್ತಿರುವುದು. ನಮ್ಮ ಪದವಿನ ಬಗ್ಗೆ ನಮ್ಮ ಹತ್ತಿರ ಏನುಂಟು? ಸೂರ್ಯಾಸ್ತದ ಫೋಟೋ ಉಂಟು. ಬೇಕಾದಷ್ಟು ಉಂಟು.

ಕಾಪು ಕಡೆ ಯೆಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಇದೆ. ಅಲ್ಲಿಂದ ಕಾಸರಗೋಡಿಗೆ 400 ಕೆವಿ ತಂತಿ ಎಳೆಯುವ ಯೋಜನೆಗೆ ದಾರಿಯುದ್ದಕ್ಕೂ ರೈತರು ವಿರೋಧಿಸಿದ್ದು ಗೊತ್ತಲ್ಲ. ಅಡಿಕೆ ತೋಟದವನ ಹತ್ತಿರ ಮರದ ಲೆಕ್ಕ ಇರುತ್ತದೆ. ಎಷ್ಟು ಮರ, ಎಷ್ಟು ವರ್ಷದ್ದು, ಎಷ್ಟು ಫಸಲು. ಅವನು ಎದ್ದು ನಿಂತು ಮಾತಾಡಬಹುದು. ಹಕ್ಕಿಯವರು ನಾವು ಎದ್ದು ನಿಂತರೆ ಎಂತ ಹೇಳುವುದು? "ಸಾರ್, ಈ ದಾರಿಯಲ್ಲಿ ದೊಡ್ಡ ರೆಕ್ಕೆಯ ಹಕ್ಕಿಗಳು ವಲಸೆ ಹೋಗ್ತವೆ." "ಎಷ್ಟು?" "ತುಂಬಾ." "ಯಾವಾಗ?" "ಅಕ್ಟೋಬರ್, ನವೆಂಬರ್... ಒಂದು ಅಂದಾಜು." ಕೂತ್ಕೊಳ್ಳಿ.

ಅವರ ವರದಿಯಲ್ಲಿ ಇರುತ್ತದಲ್ಲ ಅನ್ನಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಹೆಚ್ಚಿನ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕು. ಮಾರ್ಚಿನಿಂದ ಮೇವರೆಗೆ ಸಮೀಕ್ಷೆ ಮಾಡಿದರೆ ಕಾನೂನಿಗೆ ಸಮಾಧಾನ. ಅಕ್ಟೋಬರಿನಲ್ಲಿ ದಾಟುವ ಹಕ್ಕಿ ಮೇ ತಿಂಗಳಲ್ಲಿ ಕಾಣಿಸದಿರುವುದಕ್ಕೆ ಹಕ್ಕಿಯೇ ಹೊಣೆ! ಗಾಳಿಯಂತ್ರಗಳಂತೂ ಆ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಮಹಾರಾಷ್ಟ್ರದ ಸಾತಾರಾ ಹತ್ತಿರದ ಚಾಳಕೆವಾಡಿ ಪ್ರಸ್ಥಭೂಮಿಯಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಎಣಿಸಿ 2018ರಲ್ಲಿ ಪ್ರಕಟಿಸಿದ್ದನ್ನು ಓದಿ. ಗಾಳಿಯಂತ್ರ ಇರುವ ಜಾಗದಲ್ಲಿ ಬೇಟೆಹಕ್ಕಿಗಳು ಇಲ್ಲದ ಜಾಗಕ್ಕಿಂತ ನಾಲ್ಕು ಪಟ್ಟು ಕಡಿಮೆ, ಅದರಿಂದಾಗಿ ಓತಿಕ್ಯಾತಗಳು ಜಾಸ್ತಿ. ಗಾಳಿ ವಿದ್ಯುತ್ ಬೇಡ ಅಂತ ನಾನು ಹೇಳುತ್ತಿಲ್ಲ, ನನ್ನ ಲ್ಯಾಪ್‌ಟಾಪೂ ಕರೆಂಟಿನಿಂದಲೇ ಓಡುವುದು. ಎಲ್ಲಿ ನೆಡುವುದು, ಎಲ್ಲಿ ಬೇಡ ಅಂತ ಹೇಳಲಿಕ್ಕೆ ಅಂಕಿ ಬೇಕು ಅಂತಷ್ಟೇ.

ಮೀನಿನ ವಿಷಯದಲ್ಲಿ ನಾವು ಇಷ್ಟು ದಡ್ಡರಲ್ಲ ನೋಡಿ. ಮಲ್ಪೆಗೆ ಎಷ್ಟು ಬೂತಾಯಿ ಬಂತು, ಎಷ್ಟು ಬಂಗುಡೆ ಬಂತು ಅಂತ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ದಶಕಗಳಿಂದ ಅಂದಾಜು ಲೆಕ್ಕ ಇಟ್ಟಿದ್ದಾರೆ. ಬೂತಾಯಿ ಸಿಗದ ವರ್ಷ ಅದು ಬರೀ ಮಾರ್ಕೆಟಿನ ಗೊಣಗಾಟವಾಗಿ ಮುಗಿಯುವುದಿಲ್ಲ. ಬಾತುಕೋಳಿಗಳಿಗೂ 1987ರಿಂದ ಜನವರಿ ಜನವರಿಗೆ ಏಷ್ಯಾದ ನೀರುಹಕ್ಕಿ ಗಣತಿ ಉಂಟು. ಗಿಡುಗ, ಚಾಣ, ಹದ್ದುಗಳ ದಾಟುವಿಕೆಗೆ? ನೇಪಾಳದ ಪೋಖರಾ ಹತ್ತಿರ ಥೂಲಾಖರ್ಕ ಎಂಬ ಹಳ್ಳಿಯ ಗುಡ್ಡದಲ್ಲಿ 2012ರಿಂದ ಎಣಿಸುತ್ತಿದ್ದಾರೆ, ಹಿಮಾಲಯದ ಅಂಚು ಹಿಡಿದು ಪಶ್ಚಿಮಕ್ಕೆ ಹೋಗುವ ಸ್ಟೆಪ್ಪಿ ಹದ್ದುಗಳು ಸಾವಿರ ಸಾವಿರ. ಜಾರ್ಜಿಯಾದ ಬಟುಮಿಯಲ್ಲಿ 2008ರಿಂದ, ಅಲ್ಲಿ ಒಂದು ಶರತ್ಕಾಲಕ್ಕೆ ಹತ್ತು ಲಕ್ಷ ದಾಟುತ್ತವೆ. ಬೇರೆಯವರಿಗೆ ಗುಡ್ಡ ಹತ್ತಲಿಕ್ಕೆ ಕಾಲುಂಟು, ನಮಗಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಬಟುಮಿಯಲ್ಲಿ ಒಂದು ಕಡೆ ಕಪ್ಪು ಸಮುದ್ರ, ಇನ್ನೊಂದು ಕಡೆ ಕಾಕಸಸ್ ಬೆಟ್ಟ, ನಡುವೆ ಇಕ್ಕಟ್ಟಾದ ದಾರಿ. ದೊಡ್ಡ ಹಕ್ಕಿಗಳು ರೆಕ್ಕೆ ಬಡಿದು ಶಕ್ತಿ ಕಳೆಯುವುದಿಲ್ಲ, ಬಿಸಿಲಿಗೆ ಮೇಲೇಳುವ ಗಾಳಿಯ ಕಂಬದಲ್ಲಿ ಸುತ್ತುತ್ತ ಏರಿ, ಅಲ್ಲಿಂದ ಜಾರಿ ಮುಂದಿನ ಕಂಬ ಹಿಡಿಯುತ್ತವೆ. ನೀರಿನ ಮೇಲೆ ಆ ಕಂಬ ಸಿಗದು, ಹಾಗಾಗಿ ಇಕ್ಕಟ್ಟಿನಲ್ಲಿ ಒಟ್ಟಾಗುತ್ತವೆ. ನಮ್ಮಲ್ಲಿ ಕಡಲಿನಿಂದ ಆಗುಂಬೆ ಘಟ್ಟದವರೆಗೆ ನಲವತ್ತೈವತ್ತು ಕಿಲೋಮೀಟರ್ ಅಗಲ ಇದೆ, ಘಟ್ಟದ ಮೇಲೆ ಬಯಲುಸೀಮೆ ಬೇರೆ. ಹಕ್ಕಿಗಳು ಚದುರಿ ಹೋಗುತ್ತವೆ. ಸಾವಿರ ಸಿಗಲಿಕ್ಕಿಲ್ಲ, ನೂರೂ ಕಷ್ಟ. ಒಪ್ಪಿದೆ.

ಆದರೆ ಕಡಿಮೆ ಇರುತ್ತದೆ ಅನ್ನುವುದು ಎಣಿಸದಿರಲಿಕ್ಕೆ ಕಾರಣ ಹೇಗಾಗುತ್ತದೆ? ಐದು ಇರುವಲ್ಲಿ ಎರಡಾದರೆ ಅದು ಸುದ್ದಿಯಲ್ಲವಾ? ನಮಗೆ ಬೇಡದಿರುವುದು ಸಣ್ಣ ಅಂಕಿಯಲ್ಲ ಬಿಡಿ, ಸಣ್ಣ ಅಂಕಿಗೆ ಯಾರೂ ಭೇಷ್ ಅನ್ನುವುದಿಲ್ಲ, ಅದು. "ಇವತ್ತು ಮೂರು ಗಂಟೆ ಕೂತೆ, ಏನೂ ಬರಲಿಲ್ಲ" ಅಂತ ಒಂದು ಪೋಸ್ಟು ಹಾಕಿ ನೋಡಿ. ಎಷ್ಟು ಜನ ಓದುತ್ತೀರಿ ಅಂತ ನನಗೂ ಗೊತ್ತು.

ಇನ್ನೊಂದು ಮಾತು, "ಈಗ ಎಲ್ಲರೂ ಇ-ಬರ್ಡ್‌ಗೆ ಹಾಕ್ತಾರಲ್ಲ, ಅದೇ ಲೆಕ್ಕ." ಒಳ್ಳೆಯದೇ, ನಾನೂ ಹಾಕುತ್ತೇನೆ. 30,000 ಜನರ ಮೂರು ಕೋಟಿ ದಾಖಲೆ ಒಟ್ಟು ಮಾಡಿ 2023ರ ಭಾರತದ ಪಕ್ಷಿಗಳ ಸ್ಥಿತಿ ವರದಿ ಬಂತು, ಬಯಲಿನ ಬೇಟೆಹಕ್ಕಿಗಳು ಕುಸಿಯುತ್ತಿವೆ ಅಂತ ಅದೇ ಹೇಳಿದ್ದು. ಆದರೆ 942 ಜಾತಿಗಳನ್ನು ನೋಡಿ ಅದರಲ್ಲಿ 338ಕ್ಕೆ ಮಾತ್ರ ದೀರ್ಘಕಾಲದ ಏರಿಳಿತ ಹೇಳಲಿಕ್ಕೆ ಸಾಧ್ಯವಾಯಿತು. ಉಳಿದವಕ್ಕೆ ಸಾಕಷ್ಟು ಮಾಹಿತಿಯೇ ಇಲ್ಲ. ಬೆಳಿಗ್ಗೆ ಏಳು ಗಂಟೆಗೆ ಮಣ್ಣಪಳ್ಳದ ಸುತ್ತ ಅರ್ಧ ಗಂಟೆ ನಡೆದು, ಪೊದೆ ನೋಡಿ, ಇಡ್ಲಿ ತಿನ್ನಲಿಕ್ಕೆ ಹೋಗುವವರ ಪಟ್ಟಿಯಲ್ಲಿ ಹನ್ನೊಂದು ಗಂಟೆಗೆ ಸಾವಿರ ಅಡಿ ಮೇಲೆ ಜಾರಿ ಹೋದ ಗಿಡುಗ ಹೇಗೆ ಬರಬೇಕು? ನಾವು ಮನೆಗೆ ಹೋದ ಮೇಲೆ ಗಾಳಿ ಬಿಸಿಯಾಗುತ್ತದೆ, ಅವು ಏಳುವುದೇ ಆಗ.

"ವಿಜ್ಞಾನಿಗಳು ಮಾಡಲಿ" ಅನ್ನುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಾಸರಗೋಡಿನ ಪಡ್ರೆಯಲ್ಲಿ ಗೇರು ತೋಪಿನ ಎಂಡೋಸಲ್ಫಾನ್ ಏನು ಮಾಡುತ್ತಿದೆ ಅಂತ ಮೊದಲು ಗಮನಿಸಿದ್ದು ದೊಡ್ಡ ಪ್ರಯೋಗಾಲಯ ಅಲ್ಲ. ಒಂದೇ ಹಳ್ಳಿಯ ಇಷ್ಟೊಂದು ಮನೆಗಳಲ್ಲಿ ಇಂಥ ಕಾಯಿಲೆಗಳು ಯಾಕೆ ಅಂತ ತನ್ನ ರೋಗಿಗಳನ್ನೇ ನೋಡುತ್ತ ಕೇಳಿಕೊಂಡ ಹಳ್ಳಿ ಡಾಕ್ಟರು ವೈ. ಎಸ್. ಮೋಹನ ಕುಮಾರ್, ಅದನ್ನು ಹೊರಗೆ ತಂದ ಅದೇ ಊರಿನ ಪತ್ರಕರ್ತ ಶ್ರೀಪಡ್ರೆ. ಸುಪ್ರೀಂ ಕೋರ್ಟಿನ ನಿಷೇಧ 2011ರಲ್ಲಿ ಬಂತು. ಆ ಇಪ್ಪತ್ತು ಚಿಲ್ಲರೆ ವರ್ಷ ಹೆಲಿಕಾಪ್ಟರಿನಿಂದ ವಿಷ ಸುರಿಯುವಾಗ ಆ ಗುಡ್ಡಗಳ ಮೇಲೆ ಎಷ್ಟು ಗಿಡುಗ ಹಾರುತ್ತಿದ್ದವು, ಆಮೇಲೆ ಎಷ್ಟು ಹಾರಿದವು? ಆ ಖಾನೆ ಖಾಲಿ, ಇನ್ನು ತುಂಬಲಿಕ್ಕೂ ಆಗುವುದಿಲ್ಲ.

ಸರಿ, ಇಷ್ಟೆಲ್ಲ ಬೈಯುವ ನೀನು ಎಂತ ಕಡಿದು ಗುಡ್ಡೆ ಹಾಕಿದ್ದಿ ಅಂತ ಕೇಳುತ್ತೀರಿ. ಗುಡ್ಡೆ ಹತ್ತಿದ್ದೇನೆ. 2024ರ ಅಕ್ಟೋಬರ್ 6ರಿಂದ ನವೆಂಬರ್ 24ರವರೆಗೆ ಎಂಟು ಭಾನುವಾರ, ಒಂಬತ್ತೂವರೆಯಿಂದ ಹನ್ನೆರಡೂವರೆ, ಪರ್ಕಳದ ನಮ್ಮ ಮನೆ ಹಿಂದಿನ ಪಾದೆಯ ಮೇಲೆ. ಒಂದು ಹಳೇ ದುರ್ಬೀನು, ಅಪ್ಪನ ಕೊಡೆ, ಉಡುಪಿ ರಥಬೀದಿಯಲ್ಲಿ ತಗೊಂಡ ನಾಮಜಪ ಎಣಿಸುವ ಬೆರಳಿನ ಯಂತ್ರ. ಕೆಳಗೆ ಅಗಲ ಮಾಡುತ್ತಿದ್ದ ಹೆದ್ದಾರಿಯ ಧೂಳು. ಚಿಕ್ಕಪ್ಪ ಕೇಳಿದರು: "ಗಿಡಿ ಲೆಕ್ಕ ಮಾಡ್ಲಿಕ್ಕೆ ಇಂಜಿನಿಯರಿಂಗ್ ಓದ್ಬೇಕಿತ್ತನಾ?"

ಮೊದಲು ಕಲಿತದ್ದು ಯಾವುದನ್ನು ಎಣಿಸಬಾರದು ಅಂತ. ಮಲ್ಪೆ ಕಡೆಯಿಂದ ಬಂದು ಸುತ್ತುವ ಗರುಡ, ಹದ್ದುಗಳು ಊರಿನವೇ, ಒಂದೇ ಹಕ್ಕಿ ಹತ್ತು ಸಲ ತೋರುತ್ತದೆ. ದಕ್ಷಿಣಕ್ಕೆ ನೇರ ಹೋಗಿ ವಾಪಸು ಬಾರದ್ದು ಮಾತ್ರ ಲೆಕ್ಕಕ್ಕೆ. ಗುಂಪು ಸುತ್ತುತ್ತ ಏರುವಾಗ ಎಣಿಸಲಿಕ್ಕೆ ಹೋದರೆ ತಲೆ ತಿರುಗುತ್ತದೆ. ಕಾಯಬೇಕು, ಕಂಬದ ತುದಿಯಿಂದ ಒಂದೊಂದಾಗಿ ಜಾರಿ ಸಾಲು ಹಿಡಿದಾಗ ಎಣಿಸಬೇಕು. ಗಂಟೆಗೊಮ್ಮೆ ಗಾಳಿ ಯಾವ ಕಡೆ, ಮೋಡ ಎಷ್ಟು ಬರೆಯಬೇಕು. ಗುರುತು ಸಿಗದಿದ್ದರೆ "ಗುರುತು ಸಿಗಲಿಲ್ಲ" ಅಂತಲೇ ಬರೆಯಬೇಕು, ಊಹಿಸಿ ಚಂದದ ಹೆಸರು ಹಾಕಬಾರದು. ಇದು ಬಹಳ ಕಷ್ಟ.

ಮೊದಲ ಭಾನುವಾರ ಹತ್ತೂವರೆಗೆ ಮಳೆ, ಸೊನ್ನೆ. ಎರಡನೆಯದು ಚಂದದ ಬಿಸಿಲು, ಆದರೂ ಸೊನ್ನೆ. ಮೂರನೆಯ ಭಾನುವಾರ ಒಂದು ಜೌಗು ಸೆಳೆವ, ಬಾಕಿಮಾರು ಗದ್ದೆಗಳ ಮೇಲಿಂದ ಸೋಮಾರಿಯ ಹಾಗೆ ಹೋಯ್ತು. ಮತ್ತೆ ಸೊನ್ನೆ. ದೀಪಾವಳಿ ಮುಗಿದ ಭಾನುವಾರ ಬೂಟೆಡ್ ಈಗಲ್ ಎರಡು. ಮತ್ತೆ ಸೊನ್ನೆ. ನವೆಂಬರ್ 17ಕ್ಕೆ ಗದ್ದೆ ಮೇಲೆಲ್ಲ ಏರೋಪ್ಲೇನ್ ಚಿಟ್ಟೆಗಳ ಹಿಂಡು, ಅವುಗಳಿಗಿಂತ ಬಹಳ ಮೇಲೆ ಹದಿನಾಲ್ಕು ಸಣ್ಣ ಚಾಣಗಳು, ಚೂಪು ರೆಕ್ಕೆ, ನೈಋತ್ಯಕ್ಕೆ, ಕಡಲ ಕಡೆಗೆ. ಈ ಏರೋಪ್ಲೇನ್ ಚಿಟ್ಟೆಗಳೂ ಭಾರತದಿಂದ ಮಾಲ್ಡೀವ್ಸ್ ಮೇಲಿಂದ ಆಫ್ರಿಕಾಕ್ಕೆ ಹೋಗುತ್ತವೆ, ಅಮುರ್ ಫಾಲ್ಕನ್‌ಗಳು ದಾರಿಯಲ್ಲಿ ಅವನ್ನೇ ತಿನ್ನುತ್ತಿರಬೇಕು ಅಂತ ಚಾರ್ಲ್ಸ್ ಆಂಡರ್ಸನ್ ಎಂಬ ಜೀವಶಾಸ್ತ್ರಜ್ಞ 2009ರಲ್ಲಿ ಬರೆದಿದ್ದ. ಅದು ನೆನಪಾಗಿ ಎದೆ ಹೊಡೆದುಕೊಂಡದ್ದು ನಿಜ. ಪುಸ್ತಕದಲ್ಲಿ ಬರೆದದ್ದು: "ಚಾಣ, 14, ಗುರುತು ಸಿಗಲಿಲ್ಲ." ಫೋಟೋ ಇಲ್ಲ. ಕೊನೆಯ ಭಾನುವಾರ ಒಂದು ಕೆಸ್ಟ್ರೆಲ್.

ಎಂಟರಲ್ಲಿ ನಾಲ್ಕು ಸೊನ್ನೆ. ಇದರಿಂದ ಯಾವ ತೀರ್ಮಾನವೂ ಹೊರಡುವುದಿಲ್ಲ. ಹತ್ತು ವರ್ಷದ ಮೇಲೆ ಹೊರಡಬಹುದು, ಆದರೆ ನನ್ನೊಬ್ಬನ ಪಾದೆಯಿಂದ ಅಲ್ಲ. ಕಾರ್ಕಳದಲ್ಲಿ ಗೊಮ್ಮಟನ ಬೆಟ್ಟ ಉಂಟು, ಕಾಪುವಿನಲ್ಲಿ ದೀಪಸ್ತಂಭದ ಬಂಡೆ ಉಂಟು, ಮಣಿಪಾಲದಲ್ಲಿ ಎಂಡ್ ಪಾಯಿಂಟ್ ಉಂಟು. ಒಂದೇ ದಿನ, ಒಂದೇ ಹೊತ್ತು, ನಾಲ್ಕು ಜಾಗದಲ್ಲಿ ನಾಲ್ಕು ಜನ ಕೂತರೆ ಹಕ್ಕಿಗಳು ಕಡಲಿನ ಅಂಚು ಹಿಡಿಯುತ್ತವೋ, ಘಟ್ಟದ ಬುಡ ಹಿಡಿಯುತ್ತವೋ ಅನ್ನುವುದಕ್ಕಾದರೂ ಒಂದು ಸುಳಿವು ಸಿಕ್ಕೀತು. ಮಣಿಪಾಲದಲ್ಲಿ ಹಕ್ಕಿ ನೋಡುವವರು ಎಷ್ಟು ಜನ ಇದ್ದಾರೆ ಅಂತ ಮಣಿಪಾಲ ಬರ್ಡ್ ಡೇ ದಿನ ನೋಡಿದರೆ ಗೊತ್ತಾಗುತ್ತದೆ. ನಾಲ್ಕು ಜನಕ್ಕೆ ಬರ ಇಲ್ಲ.

ತಲೆ ಎತ್ತಿ ನೋಡುವುದು ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಹೋದ ವರ್ಷ ನಮ್ಮ ಹತ್ತಿರದ ದೇವಸ್ಥಾನದ ಬ್ರಹ್ಮಕಲಶ. ಕಲಶಾಭಿಷೇಕದ ಹೊತ್ತಿಗೆ ಗರುಡ ಬಂದು ಸುತ್ತು ಹಾಕಬೇಕಲ್ಲ, ಸಾವಿರಾರು ಜನ ಕತ್ತು ನೋಯುವಷ್ಟು ಹೊತ್ತು ಆಕಾಶ ನೋಡಿದರು. ಬಂತು. "ಮೂರು ಸುತ್ತು, ಮೂರು ಸುತ್ತು!" ಅಂತ ಎಲ್ಲರೂ ಎಣಿಸಿದರು. ನನ್ನ ಪಕ್ಕ ನಿಂತಿದ್ದ ಚಿಕ್ಕಪ್ಪ ಸರಿಯಾಗಿ ಎಣಿಸಿದ್ದು ತಾವೊಬ್ಬರೇ, ಮೂರಲ್ಲ ನಾಲ್ಕು, ಅಂತ ಊಟದ ಪಂಕ್ತಿಯಲ್ಲೂ ವಾದ ಮಾಡುತ್ತಿದ್ದರು. ಹಕ್ಕಿ ಎಣಿಸಲಿಕ್ಕೆ ಇಂಜಿನಿಯರಿಂಗ್ ಬೇಡ ಅಂತ ಅವರಿಗೇ ಗೊತ್ತಿದೆ.

ಮತ್ತೆ ಶುರು. ಅಕ್ಟೋಬರಿನ ಮೊದಲ ಭಾನುವಾರ, ಒಂಬತ್ತೂವರೆ. ಪಾದೆಯ ಮೇಲೆ ಇನ್ನೂ ಮೂರು ಜನಕ್ಕೆ ಜಾಗ ಉಂಟು, ನೆರಳಿಲ್ಲ, ಟೊಪ್ಪಿ ನೀವೇ ತನ್ನಿ. ಗೆಳೆಯನಿಗೂ ಹೇಳಿದ್ದೇನೆ. ಲೆನ್ಸು ತರಬಹುದಾ ಅಂತ ಕೇಳಿದ. ತಾ ಮಾರಾಯಾ, ಆ ಹದಿನಾಲ್ಕರ ಗುರುತಾದರೂ ಸಿಗಲಿ ಅಂದೆ.